ಹಕ್ಕಿಯ ಕಣ್ಣು, ಬಂದೂಕಿನ ತುದಿ
(ಬಾನುಲಿ ಭಾಷಣ)



ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ಏರ್ ರೈಫಲಿನ ಗುರಿಯ ವಿಷಯವಾಗಿ ಮಾತನಾಡಲು ಬಂದಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ಬರಲಿ, ಆಕ್ಷೇಪವಿಲ್ಲ. ನನಗೂ ಬಂದೂಕಿಗೂ ಇದ್ದ ನಂಟು ಬಹುಕಾಲ ಜಾತ್ರೆಯ ಬಲೂನಿನಂಗಡಿಯನ್ನು ದಾಟಿರಲಿಲ್ಲ. ಹಲಗೆಗೆ ಸಾಲಾಗಿ ಕಟ್ಟಿದ ಬಣ್ಣಬಣ್ಣದ ಬಲೂನುಗಳು, ಇಷ್ಟು ದುಡ್ಡಿಗೆ ಇಷ್ಟು ಗುಂಡು ಎಂಬ ಲೆಕ್ಕ, ಹೊಡೆದವನಿಗೆ ಸುತ್ತ ನಿಂತವರ ಶಭಾಸ್‌ಗಿರಿ, ತಪ್ಪಿದವನಿಗೆ 'ಬಂದೂಕಿನ ನಳಿಗೆಯೇ ಸೊಟ್ಟ' ಎಂಬ ಸಮಾಧಾನ. ನಾನು ಯಾವಾಗಲೂ ಸಮಾಧಾನ ಪಡೆದುಕೊಂಡು ಹಿಂದಿರುಗಿದವನೇ.

ಅಂಥವನು ಅರವತ್ತು ದಾಟಿದ ಮೇಲೆ ಈ ವಿದ್ಯೆಯ ಬಾಗಿಲಲ್ಲಿ ಹೋಗಿ ನಿಂತದ್ದು ಆಸಕ್ತಿಯಿಂದಲ್ಲ, ಒಂದು ತಪ್ಪಿನಿಂದ. ಆ ತಪ್ಪು ನನ್ನದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮೊಮ್ಮಗಳು ಪ್ರೌಢಶಾಲೆಯ ಹುಡುಗಿ. ನಮ್ಮ ಊರಿನ ಹೊರಗೆ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರು ನಡೆಸುವ ಚಿಕ್ಕದೊಂದು ಶೂಟಿಂಗ್ ರೇಂಜಿದೆ. ಅಲ್ಲಿ ಎರಡು ವರ್ಷದಿಂದ ಅವಳು ಏರ್ ರೈಫಲ್ ಕಲಿಯುತ್ತಿದ್ದಳು. ಮೊದಲ ಬಾರಿಗೆ ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೊರಟ ಹಿಂದಿನ ರಾತ್ರಿ ಊಟ ಸೇರದೆ ಕೂತಿದ್ದ ಹುಡುಗಿಯನ್ನು ಕಂಡು ನನ್ನೊಳಗಿನ ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ದ್ರೋಣಾಚಾರ್ಯರ ಪರೀಕ್ಷೆಯ ಕಥೆ ಹೇಳಿದೆ. ಮರದ ತುದಿಯಲ್ಲೊಂದು ಹಕ್ಕಿ. ಯುಧಿಷ್ಠಿರನಿಗೆ ಮರ ಕಂಡಿತು, ಕೊಂಬೆ ಕಂಡಿತು, ಗುರುಗಳೂ ತಮ್ಮಂದಿರೂ ಕಂಡರು. ಅರ್ಜುನನಿಗೆ ಹಕ್ಕಿಯ ಕಣ್ಣೊಂದೇ ಕಂಡಿತು. 'ನಾಳೆ ನಿನಗೂ ಆ ಕಪ್ಪು ಚುಕ್ಕೆ ಬಿಟ್ಟು ಬೇರೆ ಏನೂ ಕಾಣಬಾರದು ಮಗು' ಎಂದೆ. ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಕಥೆ ಅದು. ನಾಲಗೆಗೆ ಚೆನ್ನಾಗಿ ಪಳಗಿತ್ತು. ಹುಡುಗಿ ಕಣ್ಣರಳಿಸಿ ಕೇಳಿದಳು. ನನಗೂ ತೃಪ್ತಿಯಾಯಿತು.

ಮರುದಿನ ಅವಳು ದಿನನಿತ್ಯದ ಅಭ್ಯಾಸದಲ್ಲಿ ಪಡೆಯುತ್ತಿದ್ದ ಅಂಕಗಳ ಹತ್ತಿರಕ್ಕೂ ಬರಲಿಲ್ಲ. ಮನೆಗೆ ಬಂದವಳು ಚೀಲವನ್ನು ಬೀರುವಿನ ಹಿಂದಕ್ಕೆ ತಳ್ಳಿದಳು. ಒಂದು ತಿಂಗಳು ರೇಂಜಿನ ಕಡೆ ಹೋಗಲಿಲ್ಲ. ಕೊನೆಗೊಂದು ಸಂಜೆ, ನಾನು ಒತ್ತಾಯಿಸಿ ಕೇಳಿದ್ದಕ್ಕೆ, ದೂರುವ ದನಿಯಿಲ್ಲದೆ ಹೇಳಿದಳು: 'ತಾತ, ನೀವು ಹೇಳಿದ ಹಾಗೇ ಮಾಡಿದೆ. ಕಪ್ಪು ಚುಕ್ಕೆ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಯಾಕೆ ಹಾಗಾಯಿತೋ ಗೊತ್ತಿಲ್ಲ.'

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ಎದ್ದು ಸುಬೇದಾರರ ಬಳಿಗೆ ಹೋದೆ.

ಅವರು ಕೊಡಗಿನವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಾಡುವ ನಾಡಿನಲ್ಲಿ ಹುಟ್ಟಿದವರಿಗೆ ಬಂದೂಕು ನಮಗೆ ಪುಸ್ತಕವಿದ್ದಂತೆ. ನನ್ನ ಕಥೆಯನ್ನೂ ಅದರ ಫಲವನ್ನೂ ತಾಳ್ಮೆಯಿಂದ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಹಾಕಿದರು: 'ಮೇಷ್ಟ್ರೇ, ಅರ್ಜುನನ ಬಿಲ್ಲಿಗೆ ಹಿಂದೊಂದು ಮುಂದೊಂದು ಸೈಟು ಇತ್ತೇ?'

ಇರಲಿಲ್ಲ ಎಂದೆ. 'ಇಲ್ಲಿ ಇದೆಯಲ್ಲ, ಅದಕ್ಕೇ ಹಾಗಾಯಿತು' ಎಂದು ಹೇಳಿ, ಒಂದು ಗುರಿಯ ಕಾರ್ಡನ್ನು ತಂದು ಮೇಜಿನ ಮೇಲಿಟ್ಟರು.

ಆ ಕಾರ್ಡನ್ನು ನೀವೂ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಒಂದರಿಂದ ಹತ್ತರವರೆಗೆ, ಒಂದರೊಳಗೊಂದು ವೃತ್ತಗಳು. ತೀರ ಹೊರಗಿನ ವೃತ್ತದ ವ್ಯಾಸ ೪೫.೫ ಮಿಲಿಮೀಟರು. ನಡುವಿನ ಕಪ್ಪು ಭಾಗ ೩೦.೫ ಮಿಲಿಮೀಟರು. ಅದರ ಗರ್ಭದಲ್ಲಿರುವ ಹತ್ತು ಅಂಕದ ಚುಕ್ಕೆ ಕೇವಲ ಅರ್ಧ ಮಿಲಿಮೀಟರು, ಎಂದರೆ ಪುಸ್ತಕದ ಪೂರ್ಣವಿರಾಮದಷ್ಟು. ಇದನ್ನು ೧೦ ಮೀಟರು ದೂರದಲ್ಲಿ ನಿಲ್ಲಿಸಿರುತ್ತಾರೆ. ಗುಂಡಿನ ದಪ್ಪ ೪.೫ ಮಿಲಿಮೀಟರು, ಅದರ ಅಂಚು ಒಳಗಿನ ಗೆರೆಗೆ ತಾಗಿದರೂ ಒಳಗಿನ ಅಂಕವೇ ಸಲ್ಲುತ್ತದೆ. ಆ ದೂರದಿಂದ ಹತ್ತರ ಚುಕ್ಕೆ ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣುವುದು ಕಪ್ಪಗಿನ ದುಂಡು ಮಾತ್ರ. ಕಾಣದ ಚುಕ್ಕೆಯನ್ನು ನೋಡಿ ಹೊಡೆ ಎಂದು ನಾನು ಬೋಧಿಸಿದ್ದೆ!

ಇನ್ನು ಬಂದೂಕು. ಸ್ಪರ್ಧೆಯ ರೈಫಲಿನಲ್ಲಿ ಕಣ್ಣಿನ ಹತ್ತಿರ ಒಂದು ಚಿಕ್ಕ ರಂಧ್ರವಿರುವ ಬಿಲ್ಲೆ. ಅದು ಹಿಂದಿನ ಸೈಟು. ನಳಿಗೆಯ ತುದಿಯಲ್ಲಿ ಒಂದು ಉಂಗುರ. ಅದು ಮುಂದಿನ ಸೈಟು. ರಂಧ್ರದ ನಡುವೆ ಉಂಗುರ, ಉಂಗುರದ ನಡುವೆ ಕಪ್ಪು ದುಂಡು, ದುಂಡಿನ ಸುತ್ತ ಎಲ್ಲ ಕಡೆಯೂ ಒಂದೇ ಅಗಲದ ಬಿಳಿಯ ಅಂಚು: ಇದು ಸರಿಯಾದ ಗುರಿಯ ಚಿತ್ರ. ಆದರೆ ಕಣ್ಣು ಒಂದು ಕಾಲಕ್ಕೆ ಒಂದು ದೂರವನ್ನು ಮಾತ್ರ ನಿಚ್ಚಳವಾಗಿ ಕಾಣಬಲ್ಲದು. ಉಂಗುರ ಇರುವುದು ಸುಮಾರು ಒಂದು ಮೀಟರಿನಲ್ಲಿ, ಗುರಿ ಇರುವುದು ಹತ್ತರಲ್ಲಿ. ಯಾವುದನ್ನು ನಿಚ್ಚಳವಾಗಿ ಕಾಣಬೇಕು, ಯಾವುದನ್ನು ಮಸುಕಾಗಲು ಬಿಡಬೇಕು? ನಾನಾಗಿದ್ದರೆ ಗುರಿಯನ್ನು ಎನ್ನುತ್ತಿದ್ದೆ. ಸುಬೇದಾರರು ಉಂಗುರವನ್ನು ಎಂದರು. ಕಾರಣವನ್ನು ಲೆಕ್ಕ ಹಾಕಿಯೇ ತೋರಿಸಿದರು.

ಗುರಿಯಲ್ಲಿ ತಪ್ಪು ಎರಡು ಬಗೆ. ರಂಧ್ರವೂ ಉಂಗುರವೂ ಒಂದೇ ಸಾಲಿನಲ್ಲಿದ್ದು, ಬಂದೂಕು ಇಡಿಯಾಗಿ ಒಂದು ಮಿಲಿಮೀಟರು ಪಕ್ಕಕ್ಕೆ ಸರಿಯಿತೆನ್ನಿ. ಗುಂಡೂ ಅಷ್ಟೇ, ಒಂದು ಮಿಲಿಮೀಟರು ಪಕ್ಕಕ್ಕೆ ಬೀಳುತ್ತದೆ. ಗುಂಡಿನ ದಪ್ಪದಿಂದಾಗಿ ಅದು ನಡುಚುಕ್ಕೆಗೆ ತಾಗಿಯೇ ತಾಗುತ್ತದೆ. ಹತ್ತು ಅಂಕ ಎಲ್ಲಿಗೂ ಹೋಗುವುದಿಲ್ಲ. ಆದರೆ ಸಾಲೇ ತಪ್ಪಿ, ಉಂಗುರವೊಂದು ರಂಧ್ರದ ನಡುವಿನಿಂದ ಒಂದು ಮಿಲಿಮೀಟರು ಸರಿಯಿತೆನ್ನಿ. ಎರಡು ಸೈಟುಗಳ ನಡುವೆ ಮುಕ್ಕಾಲು ಮೀಟರು ಇದ್ದರೆ, ಆ ಒಂದು ಮಿಲಿಮೀಟರಿನ ತಪ್ಪು ಹತ್ತು ಮೀಟರು ಹೋಗುವಷ್ಟರಲ್ಲಿ ೧೩ ಮಿಲಿಮೀಟರಾಗಿ ಬೆಳೆದಿರುತ್ತದೆ. ಹತ್ತು ಬೀಳಬೇಕಾದಲ್ಲಿ ಐದು ಬೀಳುತ್ತದೆ. ಗುರಿಯನ್ನೇ ದಿಟ್ಟಿಸುವವನ ಕಣ್ಣಿಗೆ ಉಂಗುರ ಮಸುಕು. ಅದು ಸರಿದದ್ದು ಅವನಿಗೆ ತಿಳಿಯುವುದಿಲ್ಲ. ಉಂಗುರವನ್ನು ದಿಟ್ಟಿಸುವವನಿಗೆ ಗುರಿ ಕೊಂಚ ಮಸುಕು. ಆದರೆ ಮಸುಕಾದ ದುಂಡನ್ನೂ ಉಂಗುರದ ನಡುವೆ ಕೂರಿಸುವುದು ಕಣ್ಣಿಗೆ ಕಷ್ಟವಲ್ಲ. ನನ್ನ ಮೊಮ್ಮಗಳ ಕಾರ್ಡಿನಲ್ಲಿ ಆದದ್ದು ಇಷ್ಟೆ. ತಾತನ ಮಾತು ಕೇಳಿ ಅವಳು ದೂರದ್ದನ್ನು ನೋಡಿದಳು. ಹತ್ತಿರದ್ದು ಕೈತಪ್ಪಿತು.

ಮನೆಗೆ ಹಿಂದಿರುಗಿ ಅವಳಿಗೆ ಇಷ್ಟನ್ನು ತಿಳಿಸಿ ಸುಮ್ಮನಿರಬಹುದಾಗಿತ್ತು. ಆದರೆ ತಪ್ಪು ಬೋಧಿಸಿದ ಮೇಷ್ಟರ ಎರಡನೆಯ ಬೋಧನೆಯನ್ನು ಅವಳಾದರೂ ಏಕೆ ನಂಬಬೇಕು? 'ನನಗೂ ಕಲಿಸಿ' ಎಂದು ಸುಬೇದಾರರನ್ನು ಕೇಳಿಕೊಂಡೆ. ಅವರು ನಗಲಿಲ್ಲ. 'ಬರುವ ಮುಂಚೆ ಕಾಫಿ ಕುಡಿಯಬೇಡಿ, ಕೈ ನಡುಗುತ್ತದೆ' ಎಂದಷ್ಟೇ ಹೇಳಿದರು. ಮೈಸೂರು ಸೀಮೆಯವನಿಗೆ ಇದಕ್ಕಿಂತ ಕಠಿಣವಾದ ವ್ರತ ಬೇರೆ ಉಂಟೆ?

ಮೊದಲ ವಾರ ಗುಂಡೇ ಕೊಡಲಿಲ್ಲ. ನಿಲ್ಲುವುದನ್ನು ಕಲಿಸಿದರು. ಎಡಮೈಯನ್ನು ಗುರಿಯ ಕಡೆಗಿಟ್ಟು, ಕಾಲುಗಳನ್ನು ಹೆಗಲಗಲಕ್ಕೆ ಚಾಚಿ, ಎಡ ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಬೇಕು. ಸ್ಪರ್ಧೆಯ ರೈಫಲ್ ಐದೂವರೆ ಕಿಲೋ ವರೆಗೂ ತೂಗಬಹುದು. ತೋಳಿನ ಮಾಂಸಖಂಡದಿಂದ ಹೊತ್ತರೆ ಅದು ನಿಮಿಷದಲ್ಲಿ ದಣಿದು ನಡುಗುತ್ತದೆ. ಎಲುಬಿನ ಮೇಲೆ ಎಲುಬು ನಿಂತು ಹೊತ್ತರೆ ಭಾರ ನೆಲಕ್ಕೆ ಇಳಿಯುತ್ತದೆ. ಹಿಂಬದಿಯ ಮರ ಪ್ರತಿ ಸಲವೂ ಹೆಗಲಿನ ಅದೇ ತಾವಿಗೆ, ಕೆನ್ನೆ ಪ್ರತಿ ಸಲವೂ ಮರದ ಅದೇ ತಾವಿಗೆ ಬರಬೇಕು. ಆಮೇಲೆ ಒಂದು ಸೊಗಸಾದ ಪರೀಕ್ಷೆ. ಬಂದೂಕನ್ನು ಗುರಿಗೆ ಹಿಡಿದು ಕಣ್ಣು ಮುಚ್ಚಿ ಎರಡು ಸಲ ಉಸಿರಾಡಬೇಕು. ಕಣ್ಣು ತೆರೆದಾಗ ಬಂದೂಕು ಪಕ್ಕಕ್ಕೆ ತಿರುಗಿದ್ದರೆ ಕೈಯಿಂದ ಎಳೆದು ಸರಿಪಡಿಸಬಾರದು; ಪಾದಗಳನ್ನು ಸರಿಸಿ ನಿಲ್ಲಬೇಕು. ಕೈಯಿಂದ ಎಳೆದು ಹಿಡಿದದ್ದು, ಗುಂಡು ಹಾರುವ ಗಳಿಗೆಯಲ್ಲಿ ತನ್ನ ಸಹಜ ದಿಕ್ಕಿಗೆ ಮರಳಿಬಿಡುತ್ತದೆ. ತಪ್ಪು ಮೇಲೆ ಕಂಡರೂ ಅದರ ಪರಿಹಾರ ಕಾಲಿನಲ್ಲಿದೆ.

ಎರಡನೆಯದು ಉಸಿರು. ಉಸಿರಾಡುವಾಗ ಎದೆ ಏರಿಳಿಯುತ್ತದೆ, ಅದರೊಡನೆ ನಳಿಗೆಯೂ ಏರಿಳಿಯುತ್ತದೆ. ಆದ್ದರಿಂದ ಒಂದೆರಡು ಸಲ ಸಾಧಾರಣವಾಗಿ ಉಸಿರೆಳೆದು, ಹೊರಬಿಡುತ್ತ ನಳಿಗೆಯನ್ನು ಗುರಿಯ ಮೇಲೆ ಇಳಿಸಿ, ಉಸಿರು ತಾನಾಗಿಯೇ ತಂಗುವ ಆ ಚಿಕ್ಕ ವಿರಾಮದಲ್ಲಿ ಗುಂಡು ಹಾರಿಸಬೇಕು. ಆ ವಿರಾಮ ನೆಮ್ಮದಿಯಾಗಿ ಉಳಿಯುವುದು ಆರೆಂಟು ಸೆಕೆಂಡು. ಅದನ್ನು ಮೀರಿ ಉಸಿರು ಬಿಗಿಹಿಡಿದರೆ ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಕೈ ನಡುಗುತ್ತದೆ, ಕೊನೆಗೆ ಮನಸ್ಸು 'ಹೇಗೋ ಒಂದು ಹೊಡೆದುಬಿಡು' ಎನ್ನುತ್ತದೆ. ಆಗ ಮಾಡತಕ್ಕದ್ದು ಒಂದೇ: ಬಂದೂಕನ್ನು ಇಳಿಸಿ ಮತ್ತೆ ಮೊದಲಿನಿಂದ ಆರಂಭಿಸುವುದು. ಒಲಿಂಪಿಕ್ ಮಾದರಿಯ ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಗುರಿಗೆ ೬೦ ಗುಂಡು ಹೊಡೆಯಲು ೭೫ ನಿಮಿಷ ಕೊಡುತ್ತಾರೆ. ಇಳಿಸುವುದಕ್ಕೆ ವೇಳೆ ಇದೆ. ಇಲ್ಲದಿರುವುದು ನಮ್ಮ ಧೈರ್ಯ. ಎತ್ತಿದ ಬಂದೂಕನ್ನು ಹೊಡೆಯದೆ ಇಳಿಸಿದರೆ ಸೋತಂತೆ ಎಂದು ನಮಗೆ ತೋರುತ್ತದೆ. ನಾಲ್ಕು ಜನರ ಮುಂದೆ ಆರಂಭಿಸಿದ ಮಾತು ತಪ್ಪೆಂದು ತಿಳಿದ ಮೇಲೂ ಮುಗಿಸಿಯೇ ತೀರುವ ನಮ್ಮಂಥ ಭಾಷಣಕಾರರು ಈ ಪಾಠವನ್ನು ವಿಶೇಷವಾಗಿ ಕಲಿಯತಕ್ಕದ್ದು.

ಮೂರನೆಯದು ಟ್ರಿಗರು. ಕನ್ನಡದಲ್ಲಿ ಅದಕ್ಕೆ ಕುದುರೆ ಎಂಬ ಚೆಲುವಾದ ಹೆಸರುಂಟು. ಕುದುರೆಯನ್ನು ಜಗ್ಗಿದವನು ಕೆಟ್ಟ. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗವನ್ನಿಟ್ಟು, ನೇರವಾಗಿ ಹಿಂದಕ್ಕೆ, ಒತ್ತಡವನ್ನು ಎಳೆಯೆಳೆಯಾಗಿ ಏರಿಸುತ್ತ ಹೋಗಬೇಕು. ಉಳಿದ ಬೆರಳುಗಳಿಗೆ ಅದರ ಸುದ್ದಿ ತಿಳಿಯಬಾರದು. ಇಲ್ಲಿ ನನಗೊಂದು ಭ್ರಮೆಯಿತ್ತು. ಒಳ್ಳೆಯ ಗುರಿಕಾರನ ಕೈಯಲ್ಲಿ ಬಂದೂಕು ಬಂಡೆಯಂತೆ ನಿಲ್ಲುತ್ತದೆ, ಆ ನಿಶ್ಚಲ ಗಳಿಗೆಯಲ್ಲಿ ಅವನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಜೀವವಿರುವ ಮೈಯಲ್ಲಿ ಅಂಥ ಗಳಿಗೆಯಿಲ್ಲ. ಹೃದಯದ ಬಡಿತವೇ ನಳಿಗೆಯನ್ನು ಅಲುಗಿಸುತ್ತದೆ. ಕಲಿತವನ ಅಲುಗಾಟ ಕಿರಿದು, ಕಲಿಯದವನದು ಹಿರಿದು, ಅಷ್ಟೆ. ಹೊಸಬನು ಉಂಗುರ ಗುರಿಯ ನಡುವೆ ಹಾದುಹೋಗುವ ಗಳಿಗೆಗಾಗಿ ಹೊಂಚುಹಾಕುತ್ತಾನೆ; 'ಈಗ!' ಎಂದು ಬೆರಳನ್ನು ಸೆಳೆಯುತ್ತಾನೆ. ಆ ಸೆಳೆತದಲ್ಲೇ ನಳಿಗೆ ತಿರುಗಿಹೋಗುತ್ತದೆ. ಅಲುಗಾಟವನ್ನು ಒಪ್ಪಿಕೊಂಡು, ಅದರ ನಡುವೆಯೇ ಮೆಲ್ಲಗೆ ಒತ್ತುವವನ ಗುಂಡು ಆ ಕಿರಿದಾದ ಅಲುಗಾಟದ ಎಲ್ಲೆಯೊಳಗೇ ಬೀಳುತ್ತದೆ. ಅಲುಗಾಟದಿಂದ ಕಳೆಯುವುದು ಒಂದು ಅಂಕ, ಆತುರದಿಂದ ಕಳೆಯುವುದು ನಾಲ್ಕು.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಕಷ್ಟವಾದದ್ದು: ಹೊಡೆದ ಮೇಲೆ ಅಲುಗದಿರುವುದು. ಗುಂಡು ಸೆಕೆಂಡಿಗೆ ಸುಮಾರು ೧೭೦ ಮೀಟರಿನ ವೇಗದಲ್ಲಿ ಹಾರಿ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಗುರಿ ಸೇರುತ್ತದೆ. ನಳಿಗೆಯನ್ನು ಬಿಟ್ಟ ಗುಂಡಿಗೆ ನಾವು ಮಾಡಬಹುದಾದದ್ದು ಏನೂ ಇಲ್ಲ. ಆದರೂ ಒಂದೆರಡು ಸೆಕೆಂಡು ಹಾಗೆಯೇ ಉಂಗುರವನ್ನು ನೋಡುತ್ತ ನಿಲ್ಲಬೇಕೆಂದು ನಿಯಮ. ಏಕೆಂದರೆ, ಹೊಡೆದ ಕೂಡಲೇ ಎಲ್ಲಿ ಬಿತ್ತೆಂದು ಇಣುಕುವ ಚಪಲವಿದೆಯಲ್ಲ, ಅದು ಕ್ರಮೇಣ ಹೊಡೆಯುವುದಕ್ಕಿಂತ ಮೊದಲೇ ಇಣುಕಲು ಕಲಿಯುತ್ತದೆ. ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ತಲೆ ಎದ್ದಿರುತ್ತದೆ. ಸುಬೇದಾರರು ನನ್ನನ್ನು ಇಣುಕಲು ಬಿಡಲಿಲ್ಲ. 'ಮೊದಲು ಹೇಳಿ ಮೇಷ್ಟ್ರೇ, ಎಲ್ಲಿ ಬಿತ್ತು?' ಎನ್ನುವರು. ಉಂಗುರ ಕೊನೆಯ ಗಳಿಗೆಯಲ್ಲಿ ಎಲ್ಲಿತ್ತೆಂದು ನೆನಪಿಸಿಕೊಂಡು 'ಬಲಕ್ಕೆ ಸ್ವಲ್ಪ ಮೇಲೆ, ಎಂಟು' ಎನ್ನಬೇಕು. ಆಮೇಲೆ ನೋಡಬೇಕು. ಮೊದಮೊದಲು ನಾನು ಹೇಳಿದ್ದಕ್ಕೂ ಬಿದ್ದದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಹತ್ತಕ್ಕೆ ಐದಾರು ಸಲ ಸರಿಹೋಗತೊಡಗಿತು. ತಾನು ಮಾಡಿದ್ದೇನೆಂದು ಫಲಿತಾಂಶ ನೋಡುವ ಮುಂಚೆಯೇ ಪ್ರಾಮಾಣಿಕವಾಗಿ ಹೇಳಬಲ್ಲವನು ಮಾತ್ರ ತಿದ್ದಿಕೊಳ್ಳಬಲ್ಲ. ಇಲ್ಲಿ ಗೀತೆಯ ಮಾತನ್ನು ತರಬೇಕೆಂದು ನಾಲಗೆ ತುರಿಸುತ್ತದೆ. ಬೇಡ, ಒಂದು ಕಥೆಯಿಂದಾದ ಅನಾಹುತವೇ ಸಾಕು.

ಜಾತ್ರೆಯ 'ಸೊಟ್ಟ ನಳಿಗೆ'ಯ ಪ್ರಶ್ನೆಗೂ ನನಗೆ ಇಲ್ಲಿಯೇ ಉತ್ತರ ಸಿಕ್ಕಿತು. ಹೊಸಬನು ಅಂಕ ಎಣಿಸಬಾರದು, ಗುಂಪು ನೋಡಬೇಕು. ಐದು ಗುಂಡು ಹೊಡೆದಾಗ ಐದೂ ಒಂದೇ ಕಡೆ, ಗುರಿಯಿಂದ ದೂರವಾದರೂ ಸರಿಯೆ, ಒತ್ತಾಗಿ ಬಿದ್ದರೆ ಹೊಡೆದವನು ಸರಿಯಾಗಿದ್ದಾನೆ, ಸೈಟನ್ನು ತಿದ್ದಬೇಕು. ಐದೂ ಐದು ಕಡೆ ಚೆದುರಿ, ಅದರಲ್ಲೊಂದು ಅಕಸ್ಮಾತ್ತಾಗಿ ಹತ್ತಕ್ಕೆ ಬಿದ್ದರೆ, ಆ ಹತ್ತಕ್ಕೆ ಬೆಲೆಯಿಲ್ಲ; ಹೊಡೆದವನೇ ತಿದ್ದಿಕೊಳ್ಳಬೇಕು. ಸೊಟ್ಟ ಬಂದೂಕಾದರೂ ಒಂದೇ ರೀತಿಯಾಗಿ ಸೊಟ್ಟ ಹೊಡೆಯುತ್ತದೆ. ದಿಕ್ಕಿಗೊಂದು ಹೊಡೆಯುತ್ತಿದ್ದವನು ನಾನೇ. ಜೊತೆಗೆ, ಜಾತ್ರೆಯ ಬಂದೂಕು ಸ್ಪ್ರಿಂಗಿನದು. ಕುದುರೆ ಒತ್ತಿದಾಗ ಒಳಗಿನ ಸ್ಪ್ರಿಂಗು ಬಿಚ್ಚಿ, ಗುಂಡು ಹೊರಬೀಳುವ ಮೊದಲೇ ಬಂದೂಕು ಅದುರುತ್ತದೆ. ಅದನ್ನು ಬಿಗಿಯಾಗಿ ಅಮುಕಿ ಹಿಡಿದಷ್ಟೂ ಅದುರು ಒಂದೊಂದು ಸಲ ಒಂದೊಂದು ಕಡೆಗೆ ತಿರುಗುತ್ತದೆ. ಸಡಿಲವಾಗಿ, ಪ್ರತಿ ಸಲವೂ ಒಂದೇ ಹದದಲ್ಲಿ ಹಿಡಿದವನಿಗೆ ಅದು ಒಲಿಯುತ್ತದೆ. ಹಲ್ಲು ಕಚ್ಚಿ ಹಿಡಿಯುತ್ತಿದ್ದ ನನಗೆ ಬಲೂನು ಒಡೆಯದೆ ಹೋದದ್ದರಲ್ಲಿ ಆಶ್ಚರ್ಯವೇನು?

ಗುಂಡಿನ ವಿಷಯವಾಗಿಯೂ ಒಂದು ಮಾತು. ಕಾಗದದ ಗುರಿಗೆ ಚಪ್ಪಟೆ ಮೂತಿಯ ಗುಂಡನ್ನು ಬಳಸುತ್ತಾರೆ. ಅದು ಕಾಗದವನ್ನು ಹರಿಯದೆ ದುಂಡಗೆ ಕತ್ತರಿಸುತ್ತದೆ. ಒಂದೇ ಡಬ್ಬಿಯ, ಅಂಚು ನಸುಕದ ಗುಂಡುಗಳನ್ನೇ ಆರಿಸಿಕೊಂಡರೆ ಗುಂಪು ಚಿಕ್ಕದಾಗುತ್ತದೆ. ಸಾಮಾನ್ಯವಾಗಿ ಅದು ಸೀಸದ್ದು. ಆಡಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ನನ್ನ ವಯಸ್ಸಿನವರಿಗೆ ಇನ್ನೊಂದು ತೊಡಕು: ಎಷ್ಟು ದಿಟ್ಟಿಸಿದರೂ ಉಂಗುರ ನಿಚ್ಚಳವಾಗುವುದೇ ಇಲ್ಲ. ಓದುವ ಕನ್ನಡಕ ಹಾಕಿದರೆ ಗುರಿ ಮಾಯ, ದೂರದ್ದನ್ನು ಹಾಕಿದರೆ ಉಂಗುರ ಮಾಯ. ದೂರದ ಕನ್ನಡಕದ ಶಕ್ತಿಗೆ ಅರ್ಧ ಡಯಾಪ್ಟರಿನಷ್ಟು ಕೂಡಿಸಿಕೊಂಡರೆ ಎರಡೂ ಒಂದು ರಾಜಿಗೆ ಬರುತ್ತವೆ. ಕಣ್ಣಿನ ವೈದ್ಯರಿಗೆ ನಾನು ಕಾರಣವನ್ನು ಹೇಳಿದಾಗ ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆದರೆ ಕನ್ನಡಕವನ್ನು ಬರೆದುಕೊಟ್ಟರು.

ಈ ಎಲ್ಲವನ್ನೂ ಗುಂಡಿಲ್ಲದೆಯೇ ಅಭ್ಯಾಸ ಮಾಡಬಹುದೆಂಬುದು ನನಗೆ ಹೊಸ ಸಂಗತಿ. ಖಾಲಿ ಎಂದು ಎರಡು ಸಲ ಪರೀಕ್ಷಿಸಿದ, ಗುಂಡಿಲ್ಲದೆ ಕುದುರೆ ಒತ್ತಲು ಏರ್ಪಾಡಿರುವ ರೈಫಲನ್ನು ಹಿಡಿದು, ಬರಿಯ ಗೋಡೆಗೆ ಮುಖ ಮಾಡಿ ನಿಂತು, ನಿಲುವು, ಉಸಿರು, ಉಂಗುರ, ಬೆರಳು ಇಷ್ಟನ್ನೇ ಗಮನಿಸುವುದು. ಗುರಿಯೇ ಇಲ್ಲದ ಗುರಿಯ ಅಭ್ಯಾಸ! ಅಂಕದ ಭಯವೂ ಇಲ್ಲ, ಆಸೆಯೂ ಇಲ್ಲ. ನಾನು ಅತ್ಯಂತ ಬೇಗ ಮುಂದುವರಿದದ್ದು ಆ ಗೋಡೆಯ ಮುಂದೆ.

ಎಚ್ಚರದ ಮಾತನ್ನು ಹೇಳದೆ ಮುಂದೆ ಹೋದರೆ ಸುಬೇದಾರರು ನನ್ನನ್ನು ಕ್ಷಮಿಸುವುದಿಲ್ಲ. ಗಾಳಿಯ ಬಂದೂಕೆಂದು ಅದನ್ನು ಆಟಿಕೆಯಾಗಿ ಎಣಿಸಬಾರದು. ಒಂದು ಗುಂಡು ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಯಾವ ಬಂದೂಕನ್ನೂ ತುಂಬಿದ್ದೆಂದೇ ಭಾವಿಸಬೇಕು. ನಳಿಗೆ ಎಂದೂ ಮನುಷ್ಯರತ್ತ ತಿರುಗಬಾರದು. ಗುರಿ ಹಿಡಿಯುವವರೆಗೆ ಬೆರಳು ಕುದುರೆಯ ಹೊರಗಿರಬೇಕು. ಗುರಿಯ ಹಿಂದೆ ಗುಂಡನ್ನು ತಡೆಯುವ ಗಟ್ಟಿಯಾದ ತಡೆ ಇರಬೇಕು. ಹಕ್ಕಿಗಳ ಮೇಲೆ ಅದನ್ನು ಎತ್ತಲೇಬಾರದು. ಸಲೀಂ ಅಲಿಯವರು ಬಾಲಕರಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಕೆಡವಿದರು. ಅದರ ಕೊರಳಲ್ಲಿ ಹಳದಿಯ ಗುರುತಿತ್ತು. ಅದೇನೆಂಬ ಕುತೂಹಲ ಅವರನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕರೆದೊಯ್ದಿತು. ಅಲ್ಲಿಂದ ಅವರ ಜೀವನವೇ ಹಕ್ಕಿಗಳಿಗೆ ಮೀಸಲಾಯಿತು. ೧೯೮೫ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಗುಬ್ಬಿಯ ಪತನ ಎಂಬರ್ಥದ ಹೆಸರನ್ನೇ ಇಟ್ಟರು. ದ್ರೋಣರೂ ಸಹ ಮರದ ಮೇಲಿಟ್ಟದ್ದು ಜೀವವಿರುವ ಹಕ್ಕಿಯನ್ನಲ್ಲ, ಶಿಲ್ಪಿಗಳಿಂದ ಮಾಡಿಸಿದ ಕೃತಕ ಹಕ್ಕಿಯನ್ನು.

ಇದನ್ನು ನಾನು ಹೇಗೆ ಬಲ್ಲೆನೆಂದರೆ, ಇಷ್ಟೆಲ್ಲ ಆದ ಮೇಲೆ ಆದಿಪರ್ವವನ್ನು ಮತ್ತೆ ತೆರೆದು ನೋಡಿದೆ. ಅಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವ್ಯಾಸಭಾರತದ ಅರ್ಜುನ ಹೇಳುವುದು ಹಕ್ಕಿಯ ತಲೆ ಕಾಣುತ್ತದೆ, ಮೈ ಕಾಣುವುದಿಲ್ಲ ಎಂದು. 'ಕಣ್ಣು' ಹೇಳುವವರ ಬಾಯಲ್ಲಿ ಬೆಳೆದದ್ದು. ಮೂವತ್ತನಾಲ್ಕು ವರ್ಷ ನಾನು ಕಥೆಯನ್ನು ಹೇಳಿದೆ. ಒಮ್ಮೆಯೂ ಪುಸ್ತಕ ತೆರೆದು ನೋಡಲಿಲ್ಲ. ನಾನೂ ದೂರದ್ದನ್ನು ನೋಡುತ್ತ ಹತ್ತಿರದ್ದನ್ನು ಮಸುಕಾಗಲು ಬಿಟ್ಟವನೇ.

ದೊಡ್ಡ ಸ್ಪರ್ಧೆಯ ಒತ್ತಡ ಎಷ್ಟೆಂಬುದನ್ನು ನಾವು ಹೊರಗಿನಿಂದ ಊಹಿಸಬೇಕಷ್ಟೆ. ೨೦೦೮ರ ಆಗಸ್ಟ್ ೧೧ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಬಂದಾಗ ಅವರೂ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ನರೂ ಸಮಸಮನಾಗಿ ನಿಂತಿದ್ದರು. ಹ್ಯಾಕಿನೆನ್ನರ ಗುಂಡು ೯.೭, ಬಿಂದ್ರಾ ಅವರದು ೧೦.೮. ಹತ್ತರ ಚುಕ್ಕೆಯ ಒಳಗೂ ಹತ್ತನೆಯ ಭಾಗಗಳನ್ನು ಎಣಿಸುವ ಆ ಲೆಕ್ಕದಲ್ಲಿ ೧೦.೯ಕ್ಕಿಂತ ಹೆಚ್ಚಿನದು ಇಲ್ಲ. ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನ ಬಂದದ್ದು ಹೀಗೆ. ೨೦೧೨ರಲ್ಲಿ ಲಂಡನ್ನಿನಲ್ಲಿ ಇದೇ ಸ್ಪರ್ಧೆಯಲ್ಲಿ ಗಗನ್ ನಾರಂಗ್ ಕಂಚು ಗೆದ್ದರು. ಅದೇ ಬಿಂದ್ರಾ ೨೦೧೬ರಲ್ಲಿ ರಿಯೋದಲ್ಲಿ ನಾಲ್ಕನೆಯವರಾದರು. ೨೦೨೪ರಲ್ಲಿ ಪ್ಯಾರಿಸಿನಲ್ಲಿ ನಾಲ್ಕನೆಯವರಾಗಿ ಪದಕ ಕೈತಪ್ಪಿದ ತರುಣನ ಹೆಸರು ಅರ್ಜುನ್ ಬಬೂತಾ. ಹೆಸರು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಇವರಲ್ಲಿ ಯಾರಿಗೂ ಗುರಿ ಯಾವುದೆಂದು ತಿಳಿಯದೆ ಇರಲಿಲ್ಲ. ಮೂರನೆಯವನಿಗೂ ನಾಲ್ಕನೆಯವನಿಗೂ ನಡುವಣ ಅಂತರ ಬರಿಯ ಏಕಾಗ್ರತೆಯ ಉಪದೇಶದಿಂದ ತುಂಬುವಂಥದಲ್ಲ. ಪ್ರತಿಯೊಂದು ಗುಂಡಿಗೂ ಮತ್ತೆ ಪಾದದಿಂದ ಆರಂಭಿಸಿ ಬೆರಳಿನವರೆಗೆ ಬರುವ ದಿನದಿನದ ದುಡಿಮೆ ಬೇಕು.

ಕೊನೆಯ ಸಂಗತಿ. ಮೂರು ತಿಂಗಳ ಮೇಲೆ ಒಂದು ಭಾನುವಾರ ಮೊಮ್ಮಗಳನ್ನು 'ಸುಮ್ಮನೆ ಜೊತೆಗೆ ಬಾ' ಎಂದು ಕರೆದುಕೊಂಡು ಹೋದೆ. ಅವಳ ಎದುರಿಗೇ ಐದು ಗುಂಡು ಹೊಡೆದೆ. ಕಾರ್ಡನ್ನು ತಂದುಕೊಟ್ಟೆ. ಐದೂ ತೂತುಗಳು ಕಪ್ಪಿನ ಎಡಗಡೆ ಕೆಳಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚುವಷ್ಟು ಒತ್ತಾಗಿ ಬಿದ್ದಿದ್ದವು. ಅಂಕಗಳನ್ನು ಕೂಡಿಸಿದರೆ ನಾಚಿಕೆಯಾಗಬೇಕು. ಅವಳು ಕೂಡಿಸಲಿಲ್ಲ. ಸ್ವಲ್ಪ ಹೊತ್ತು ನೋಡಿ, 'ತಾತ, ಗುಂಪು ಚೆನ್ನಾಗಿದೆ. ಸೈಟನ್ನು ಬಲಕ್ಕೆ, ಮೇಲಕ್ಕೆ ತಿರುಗಿಸಬೇಕು' ಎಂದಳು. ತಾನೇ ಬಂದು ಹಿಂದಿನ ಸೈಟಿನ ತಿರುಪನ್ನು ಕಟಕಟನೆ ತಿರುಗಿಸಿದಳು. ಆಮೇಲೆ, ಯಾರೂ ಹೇಳದೆಯೇ, ರೈಫಲನ್ನು ಎತ್ತಿಕೊಂಡು ನಿಂತಳು.

'ನಾನು ನಿನಗೆ ತಪ್ಪು ಹೇಳಿಕೊಟ್ಟೆ ಮಗು' ಎಂದೆ. ಅವಳು ಕಣ್ಣು ಮುಚ್ಚಿ ಉಸಿರಾಡುತ್ತಿದ್ದಳು, ಕೇಳಿಸಿತೋ ಇಲ್ಲವೋ. ಕಣ್ಣು ತೆರೆದು 'ಕಾಲು ಸರಿಸಬೇಕು' ಎಂದು ತನಗೆ ತಾನೇ ಹೇಳಿಕೊಂಡಳು. ಹತ್ತು ಗುಂಡು ಹೊಡೆದಳು. ಎಷ್ಟು ಅಂಕ ಬಂತೆಂದು ನಾನು ಕೇಳಲಿಲ್ಲ. ಸುಬೇದಾರರು ಕೇಳಿದ್ದು 'ಎಲ್ಲಿ ಬಿತ್ತು?' ಎಂದು. ಪ್ರತಿ ಸಲವೂ ಅವಳು ನೋಡದೆಯೇ ಹೇಳಿದಳು. ಈಗ ವಾರಕ್ಕೆ ಮೂರು ದಿನ ಮತ್ತೆ ರೇಂಜಿಗೆ ಹೋಗುತ್ತಿದ್ದಾಳೆ.

ನನ್ನ ಎದುರಿಗೆ ಕುಳಿತಿದ್ದ ಆ ಸಾವಿರಾರು ವಿದ್ಯಾರ್ಥಿಗಳನ್ನು ಈಗ ನೆನೆಯುತ್ತೇನೆ. ಪರೀಕ್ಷೆಯ ಹಿಂದಿನ ದಿನ ಅವರಿಗೆಲ್ಲ ರ‍್ಯಾಂಕೆಂಬ ಹಕ್ಕಿಯ ಕಣ್ಣನ್ನು ತೋರಿಸಿದೆ. ಒಂದು ಪದ್ಯದ ಮುಂದೆ ಹೇಗೆ ಕೂರಬೇಕು, ಅರ್ಥವಾಗದ ಸಾಲನ್ನು ಇಳಿಸಿಟ್ಟು ಮತ್ತೆ ಹೇಗೆ ಎತ್ತಿಕೊಳ್ಳಬೇಕು ಎಂಬುದನ್ನು ಎಷ್ಟು ಜನಕ್ಕೆ ಕಲಿಸಿದೆನೋ ತಿಳಿಯದು. ಅರ್ಜುನನ ಇನ್ನೊಂದು ಕಥೆಯನ್ನು ಹೇಳಬಹುದಾಗಿತ್ತು. ನಮ್ಮ ಹರಿಕಥೆಯ ದಾಸರು ಹೇಳುವಂತೆ, ದ್ರೌಪದಿಯ ಸ್ವಯಂವರದಲ್ಲಿ ಅವನು ಮೇಲೆ ತಿರುಗುವ ಮೀನನ್ನು ನೋಡಲೇ ಇಲ್ಲ. ಕಾಲ ಬಳಿಯ ನೀರನ್ನು ನೋಡುತ್ತ ಬಾಣ ಬಿಟ್ಟ. ಆ ಕಥೆಯನ್ನು ಮೊಮ್ಮಗಳಿಗೆ ಇನ್ನೂ ಹೇಳಿಲ್ಲ. ಮುಂದಿನ ಸ್ಪರ್ಧೆಗೆ ಮುಂಚೆ ಹೇಳೋಣವೆಂದು ಒಮ್ಮೆ ಅನ್ನಿಸುತ್ತದೆ. ಸುಬೇದಾರರನ್ನು ಕೇಳಿಕೊಂಡು ಹೇಳುತ್ತೇನೆ.